ಬಿಗಿಯಾಗಿ ಕಟ್ಟಿದರೂ ಲೋಡ್ ಜರುಗಿತು, ಡ್ರೈವರ್ ಸಂಬಳ ಕಟ್ ಮಾಡ್ತಿದ್ದಾರೆ. ಇದು ಸರಿಯಾ?

ಭೋಸರಿ ಬಸವ
ಎಲ್ಲರಿಗೂ ನಮಸ್ಕಾರ. ಭೋಸರಿಯ ಒಂದು ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ, ಊರು ಇಂಡಿ ಕಡೆ. ಪುಣೆ, ಮುಂಬಯಿ, ಗೋವಾದಲ್ಲಿರುವ ನಮ್ಮವರಲ್ಲಿ ಲಾರಿ, ಬಂದರು ಅಂತ ದುಡಿಯುವವರು ಜಾಸ್ತಿ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ಎರಕದ ಮಾಲು, ಮರದ ಪ್ಯಾಲೆಟ್ ಮೇಲೆ, ಒಟ್ಟು 12 ಟನ್, ಬೆಂಗಳೂರಿಗೆ ಹೊರಟಿತ್ತು. ಆರು ರಾಚೆಟ್ ಬೆಲ್ಟ್ ಹಾಕಿ ಬಿಗಿಸಿದ್ದೆವು. ನಾನೇ ನಿಂತು ನೋಡಿದ್ದೇನೆ, ಬೆಲ್ಟ್ ಬೆರಳಲ್ಲಿ ಮೀಟಿದರೆ ಟಣ್ ಅನ್ನುತ್ತಿತ್ತು. ಸಾತಾರಾ ದಾಟಿದ ಮೇಲೆ ಎಲ್ಲೋ ಬೈಕ್ ಅಡ್ಡ ಬಂತಂತೆ, ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ. ಅಷ್ಟೂ ಪ್ಯಾಲೆಟ್ ಮುಂದಕ್ಕೆ ಜರುಗಿ ಕ್ಯಾಬಿನ್ ಹಿಂದಿನ ತಗಡಿಗೆ ಬಡಿದಿವೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮಾಲು ಮಾತ್ರ ಅರ್ಧ ರಿಜೆಕ್ಟ್.

ಈಗ ನಮ್ಮವರು ಟ್ರಾನ್ಸ್‌ಪೋರ್ಟ್‌ನವರ ಬಾಡಿಗೆ ಹಿಡಿದಿದ್ದಾರೆ, ಅವರು ಡ್ರೈವರ್ ಸಂಬಳ ಹಿಡಿದಿದ್ದಾರೆ. ನಮ್ಮ ಮ್ಯಾನೇಜರ್ ಮುಂದಿನ ಸಲ ಎಂಟು ಬೆಲ್ಟ್ ಹಾಕಿ ಅಂತ ಹೇಳಿ ಕೈತೊಳೆದುಕೊಂಡರು. ಎಂಟು ಸಾಕಾ? ಇದಕ್ಕೆ ಲೆಕ್ಕ ಅಂತ ಏನಾದರೂ ಇದೆಯಾ, ಇಲ್ಲ ಅಂದಾಜಾ?

ಡೊಂಬಿವಲಿ ಲೋಕಲ್
ಆರು ಬೆಲ್ಟ್‌ಗೆ ನಿಲ್ಲದ್ದು ಎಂಟಕ್ಕೆ ನಿಲ್ಲುತ್ತೆ ಅಂತ ಮ್ಯಾನೇಜರ್‌ಗೆ ಕನಸು ಬಿದ್ದಿರಬೇಕು.

ಪಿಂಪ್ರಿ ಪಾಟೀಲ
ಡ್ರೈವರ್‌ದೇ ತಪ್ಪು. 80ರಲ್ಲಿ ಹೊಡೆಯುತ್ತಿರುತ್ತಾರೆ, ಕಿವಿಗೆ ಮೊಬೈಲ್ ಬೇರೆ. ಸಂಬಳ ಹಿಡಿದರೇನೇ ಬುದ್ಧಿ ಬರೋದು.

ಘಾಟಿನ ಗೆಳೆಯ
ಪಾಟೀಲರೇ, ಬೈಕ್‌ನವನನ್ನು ಉಳಿಸೋಕೆ ಬ್ರೇಕ್ ಹಾಕಿದ್ದು ತಪ್ಪಾ? ಬ್ರೇಕ್ ಹಾಕದೇ ಇದ್ದಿದ್ದರೆ ಇವತ್ತು ಬೇರೆ ಸುದ್ದಿ ಓದುತ್ತಿದ್ದಿರಿ. ನನ್ನವು ಎರಡು ಗಾಡಿ ಇವೆ, ಮೊದಲು ನಾನೇ ಓಡಿಸುತ್ತಿದ್ದೆ. ಲೋಡ್ ಮಾಡುವವರು ಹಮಾಲರು, ಕಟ್ಟಿಸುವವರು ಕಂಪನಿಯವರು, ಬಿಲ್ಟಿ (ಸಾಗಣೆ ರಸೀದಿ) ಮೇಲೆ ಸಹಿ ಮಾತ್ರ ಡ್ರೈವರ್‌ದು. ಗೇಟಿನ ಒಳಗೆ ಅವನು ಬಾಯಿಬಿಟ್ಟು "ಇದು ಸರಿ ಕಟ್ಟಿಲ್ಲ ಸಾಹೇಬ್ರೆ" ಅಂದರೆ ಮುಂದಿನ ಲೋಡ್ ಸಿಗುವುದಿಲ್ಲ.

ಕೋಥ್ರೂಡ್ ಎಂಜಿನಿಯರ್
ಬಸವ ಅವರೇ, ಲೆಕ್ಕ ಇದೆ. ವಾಹನ ಪರೀಕ್ಷೆಯ ಕೆಲಸದಲ್ಲಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೇಲಿಂದ ಹಾಕಿ ಎರಡೂ ಬದಿಗೆ ಬಿಗಿಯುವ ಬೆಲ್ಟ್ ಮಾಲನ್ನು ಹಿಡಿದು ನಿಲ್ಲಿಸುವುದಿಲ್ಲ. ಅದು ಮಾಲನ್ನು ಕೆಳಕ್ಕೆ ಒತ್ತುತ್ತದೆ, ಅಷ್ಟೇ ಅದರ ಕೆಲಸ. ನಿಲ್ಲಿಸುವುದು ತಳದ ಘರ್ಷಣೆ. ಪ್ಯಾಲೆಟ್ ಅಡಿಗೂ ಲಾರಿಯ ಹಾಸಿಗೂ ನಡುವೆ ಎಷ್ಟು ಹಿಡಿತ ಇದೆ ಅನ್ನುವುದೇ ಇಲ್ಲಿ ಎಲ್ಲ.

ಯುರೋಪಿನ ನಿಯಮದಲ್ಲೂ, 2014ರ ಸಿಟಿಯು ಕೋಡ್‌ನಲ್ಲೂ (ವಿಶ್ವಸಂಸ್ಥೆಯ ಮೂರು ಅಂಗಗಳು ಸೇರಿ ಮಾಡಿದ್ದು, ಕಂಟೇನರ್, ಲಾರಿಗಳಲ್ಲಿ ಮಾಲು ಜೋಡಿಸುವ ಬಗ್ಗೆ) ರಸ್ತೆಗೆ ಹಿಡಿಯುವ ಅಂಕಿ ಒಂದೇ. ಮುಂದಕ್ಕೆ ಮಾಲಿನ ತೂಕದ 0.8 ಪಾಲು, ಬದಿಗೆ ಮತ್ತು ಹಿಂದಕ್ಕೆ 0.5 ಪಾಲು ಬಲ ತಡೆಯಬೇಕು. ಮರದ ಪ್ಯಾಲೆಟ್, ಧೂಳು ಕೂತ ಕಬ್ಬಿಣದ ಹಾಸು ಅಂದರೆ ಘರ್ಷಣೆ 0.3 ಅಂತ ಇಟ್ಟುಕೊಳ್ಳಿ. ಒಂದು ಟನ್ ಮಾಲಿಗೆ ತನ್ನ ತೂಕದಿಂದಲೇ 0.3 ಟನ್ ಹಿಡಿತ ಸಿಕ್ಕಿತು. ಇನ್ನೂ 0.5 ಟನ್ ಬೇಕು. ಅದನ್ನು ಬೆಲ್ಟ್ ಒತ್ತಿಯೇ ಹುಟ್ಟಿಸಬೇಕು, 0.5 ಭಾಗಿಸು 0.3, ಅಂದರೆ ಪ್ರತಿ ಟನ್‌ಗೆ ಸುಮಾರು 1.67 ಟನ್ ಒತ್ತಡ. ನಿಮ್ಮ 12 ಟನ್‌ಗೆ 20 ಟನ್!

ಈಗ ಬೆಲ್ಟ್ ನೋಡಿ. ಅಂಗಡಿಯವನು "5 ಟನ್ ಬೆಲ್ಟ್" ಅಂತ ಮಾರುತ್ತಾನೆ. ಅದು ಬೆಲ್ಟ್ ಹರಿದುಹೋಗುವ ಲೆಕ್ಕ. ಒಳ್ಳೆ ಬೆಲ್ಟಿನ ಚೀಟಿಯಲ್ಲಿ ಎಸ್‌ಟಿಎಫ್ ಅಂತ ಬೇರೆ ಅಂಕಿ ಇರುತ್ತೆ, ಕೈಯಲ್ಲಿ ರಾಚೆಟ್ ಎಳೆದಾಗ ಉಳಿಯುವ ಬಿಗಿ. ಸಾಮಾನ್ಯವಾಗಿ 300 ಕಿಲೋ ಆಸುಪಾಸು. ಎರಡೂ ಬದಿ ಸೇರಿ 600. 20 ಟನ್ ಒತ್ತಲು ಮೂವತ್ತಕ್ಕೂ ಜಾಸ್ತಿ ಬೆಲ್ಟ್ ಬೇಕು. ಯಾರು ಹಾಕುತ್ತಾರೆ?

ಅದೇ ಪ್ಯಾಲೆಟ್ ಅಡಿಗೆ ರಬ್ಬರ್ ಮ್ಯಾಟ್ ಹಾಕಿದರೆ ಘರ್ಷಣೆ 0.6. ಕೊರತೆ 0.2 ಮಾತ್ರ, 0.6ರಿಂದ ಭಾಗಿಸಿದರೆ ಪ್ರತಿ ಟನ್‌ಗೆ 0.33. ಒಟ್ಟು 4 ಟನ್, ಏಳು ಬೆಲ್ಟ್.

ಘಾಟಿನ ಗೆಳೆಯ
ಸಾರ್, ಲೆಕ್ಕ ಚೆನ್ನಾಗಿದೆ, ಆದರೆ ಲೋಡ್ ಆದ ನಮ್ಮ ಗಾಡಿ 0.8 ಬ್ರೇಕ್ ಎಲ್ಲಿ ಹಿಡಿಯುತ್ತೆ? ಟೈರ್ ನೋಡಿದ್ದೀರಾ?

ಕೋಥ್ರೂಡ್ ಎಂಜಿನಿಯರ್
ಒಳ್ಳೆ ಪ್ರಶ್ನೆ. 0.5 ಅಂತಲೇ ಇಟ್ಟುಕೊಳ್ಳಿ. ಆಗಲೂ ಮ್ಯಾಟ್ ಇಲ್ಲದೆ 12 ಟನ್‌ಗೆ 8 ಟನ್ ಒತ್ತಡ ಬೇಕು, ಹದಿಮೂರೋ ಹದಿನಾಲ್ಕೋ ಬೆಲ್ಟ್. ಇದ್ದದ್ದು ಆರು. ಅಂದರೆ ಡ್ರೈವರ್ ಸಾಧಾರಣ ಜೋರಾಗಿ ಬ್ರೇಕ್ ಹಾಕಿದ್ದರೂ ಈ ಮಾಲು ಜರುಗುತ್ತಿತ್ತು. ಇಲ್ಲಿ ಅವನ ತಪ್ಪು ನನಗೆ ಕಾಣುತ್ತಿಲ್ಲ.

ಡೊಂಬಿವಲಿ ಲೋಕಲ್
ಮ್ಯಾಟ್ ಇದ್ದರೆ ಘರ್ಷಣೆ 0.6, ಬ್ರೇಕ್ 0.5. ಹಾಗಾದರೆ ಬೆಲ್ಟೇ ಬೇಡ ಅಲ್ವಾ? ದುಡ್ಡು ಉಳೀತು.

ಕೋಥ್ರೂಡ್ ಎಂಜಿನಿಯರ್
ಕಾಗದದ ಮೇಲೆ ಬೇಡ. ರಸ್ತೆ ಮೇಲೆ ಬೇಕೇ ಬೇಕು. ಗುಂಡಿಗೆ ಬಿದ್ದು ಎದ್ದಾಗ ಒಂದು ಕ್ಷಣ ಮಾಲು ಹಗುರ ಆಗುತ್ತದೆ, ಆ ಕ್ಷಣ ತಳದಲ್ಲಿ ಹಿಡಿತ ಇರುವುದಿಲ್ಲ. ಮೊರದಲ್ಲಿ ಕಾಳು ಕೇರುವಾಗ ಸರಿದ ಹಾಗೆ ಪ್ಯಾಲೆಟ್ ಕೂಡ ಚೂರು ಚೂರೇ ನಡೆಯುತ್ತಾ ಹೋಗುತ್ತದೆ. ಎಷ್ಟೋ ಸಲ ಒಂದೇ ದೊಡ್ಡ ಬ್ರೇಕ್‌ಗೆ ಜಾರಿದ್ದಲ್ಲ, ನೂರಾರು ಕಿಲೋಮೀಟರ್ ಕುಣಿದು ಸಡಿಲ ಆಗಿರುತ್ತದೆ, ಬ್ರೇಕ್ ಕೊನೆಗೆ ನೆಪ ಅಷ್ಟೇ. ಮರ ಅಮುಕಿಕೊಳ್ಳುತ್ತದೆ, ಬೆಲ್ಟ್ ಸ್ವಲ್ಪ ಎಳೆಯುತ್ತದೆ, ಬಿಗಿ ಇಳಿಯುತ್ತದೆ. ಹೊರಟು ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಬೇಕು ಅನ್ನುವುದು ಅದಕ್ಕೇ.

ನ್ಹಾವಾ ಶೇವಾ ಅಕ್ಕ
ಒಂದು ಮಾತು ಬಿಟ್ಟುಹೋಯಿತು. ಖಾಲಿ ಜಾಗ. ಬಸವ, ಮೊದಲ ಸಾಲಿನ ಪ್ಯಾಲೆಟ್‌ಗೂ ಮುಂದಿನ ತಗಡಿಗೂ ನಡುವೆ ಎಷ್ಟು ಜಾಗ ಬಿಟ್ಟಿದ್ರಿ?

ಭೋಸರಿ ಬಸವ
ಅಕ್ಕ, ಒಂದೂವರೆ ಅಡಿ ಇರಬಹುದು. ಹಿಂದಿನ ಆಕ್ಸಲ್ ಮೇಲೆ ತೂಕ ಬರಲಿ ಅಂತ ಹಾಗೆ ಇಡಿಸುತ್ತಾರೆ.

ನ್ಹಾವಾ ಶೇವಾ ಅಕ್ಕ
ಅಲ್ಲೇ ನೋಡು. ತಾಗಿಸಿ ಇಟ್ಟಿದ್ದರೆ ಮಾಲು ತಗಡನ್ನು ಒತ್ತುತ್ತಿತ್ತು. ಜಾಗ ಬಿಟ್ಟಿದ್ದಕ್ಕೆ ವೇಗ ತಗೊಂಡು ಬಂದು ಹೊಡೆಯಿತು. ಒತ್ತುವುದಕ್ಕೂ ಹೊಡೆಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಬಾಗಿದ ತಗಡನ್ನೇ ಕೇಳು. ತೂಕ ಹಂಚಲು ಜಾಗ ಬಿಡಲೇಬೇಕು ಅಂದರೆ ಆ ಜಾಗಕ್ಕೆ ಮರದ ಚೌಕಟ್ಟು ಕೊಟ್ಟು ತುಂಬಿಸಬೇಕು, ಖಾಲಿ ಪ್ಯಾಲೆಟ್ ನಿಲ್ಲಿಸಿದರೂ ನಡೆಯುತ್ತೆ. ನಾವು ಕಂಟೇನರ್‌ನಲ್ಲಿ ಗಾಳಿ ತುಂಬುವ ಚೀಲ ಹಾಕುತ್ತೇವೆ.

ಘಾಟಿನ ಗೆಳೆಯ
ಅಕ್ಕ ಹೇಳಿದ್ದು ಹಗುರ ಮಾಲಿಗೆ ಸರಿ. ತೋರಣಗಲ್ಲಿನಿಂದ ಚಾಕಣ್‌ಗೆ ಉಕ್ಕಿನ ಕಾಯಿಲ್ (ತಗಡಿನ ಸುರುಳಿ) ಹೊತ್ತವನು ನಾನು. ಒಂದೊಂದು 20 ಟನ್ ದಾಟುತ್ತದೆ. ಮುಂದಿನ ತಗಡಿಗೆ ಆನಿಸಿ ಇಟ್ಟರೂ ಆ ತಗಡು ಕಾಯಿಲ್ ತಡೆಯುವುದಕ್ಕೆ ಮಾಡಿದ್ದಲ್ಲ. ಕಾಯಿಲ್ ಅಡ್ಡ ಮಲಗಿಸಿದರೆ, ಅಂದರೆ ತೂತು ಬದಿಗೆ ಬರುವ ಹಾಗೆ, ಬ್ರೇಕ್ ಹಾಕಿದಾಗ ಉರುಳಿ ಬರುವುದು ನೇರ ಡ್ರೈವರ್ ಬೆನ್ನಿಗೆ. ನಿಲ್ಲಿಸಿದರೆ, ತೂತು ಆಕಾಶಕ್ಕೆ ಬಂದರೆ, ಅಗಲ ಕಡಿಮೆ ಎತ್ತರ ಜಾಸ್ತಿ ಇದ್ದಾಗ ತಿರುವಿನಲ್ಲಿ ಪಲ್ಟಿ. ಕೆಳಗೆ ವಿ ಆಕಾರದ ತೊಟ್ಟಿಲು ಇರುವ ಟ್ರೇಲರ್ ಬಂದರೆ ನೆಮ್ಮದಿ. ಇಲ್ಲದವರು ಎರಡು ಮರದ ತುಂಡು ಕೊಟ್ಟು ಚೈನ್ ಸುತ್ತಿ "ಹೋಗಿ ಬಾ" ಅನ್ನುತ್ತಾರೆ. ಹೋಗುವವನು ಹೋಗುತ್ತಾನೆ, ಬರುವುದು ಅವನ ಹಣೆಬರಹ.

ಪಿಂಪ್ರಿ ಪಾಟೀಲ
ಅದೆಲ್ಲ ಇರಲಿ, ಪುಣೆಯ ನವಲೆ ಬ್ರಿಜ್‌ನಲ್ಲಿ ಆಗುತ್ತಿರುವುದಕ್ಕೆ ಏನು ಹೇಳುತ್ತೀರಿ? ಅಲ್ಲೂ ಬೆಲ್ಟ್ ತಪ್ಪಾ? ನ್ಯೂಟ್ರಲ್ ಹಾಕಿ ಇಳಿಯುತ್ತಾರೆ, ಡೀಸೆಲ್ ಉಳಿಸೋಕೆ. 2022ರ ನವೆಂಬರ್‌ನಲ್ಲಿ ಒಂದೇ ಲಾರಿ ಹೊಡೆತಕ್ಕೆ ಸರಣಿ ಅಪಘಾತ ಆಗಿ 48 ವಾಹನ ಜಜ್ಜಿಹೋದವು ಅಂತ ಪೇಪರ್‌ನಲ್ಲೇ ಬಂದಿತ್ತು.

ಘಾಟಿನ ಗೆಳೆಯ
ನ್ಯೂಟ್ರಲ್ ಹಾಕುವವರು ಇದ್ದಾರೆ, ಅಲ್ಲ ಅನ್ನುವುದಿಲ್ಲ, ಅದು ತಪ್ಪೇ. ಆದರೆ ಕಾತ್ರಜ್ ಸುರಂಗ ದಾಟಿದ ಮೇಲೆ ಆ ಇಳಿಜಾರು ನೋಡಿದ್ದೀರಾ? ಇಳಿದು ಬಂದು ಸೇರುವುದು ಊರೊಳಗಿನ ಟ್ರಾಫಿಕ್‌ಗೆ.

ಕೋಥ್ರೂಡ್ ಎಂಜಿನಿಯರ್
30 ಟನ್ ಗಾಡಿ 200 ಮೀಟರ್ ಎತ್ತರ ಇಳಿದರೆ ಸುಮಾರು 5.9 ಕೋಟಿ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಗೇರ್‌ನಲ್ಲಿದ್ದರೆ ಒಂದಷ್ಟು ಎಂಜಿನ್ ನುಂಗುತ್ತದೆ. ನ್ಯೂಟ್ರಲ್‌ನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬ್ರೇಕ್ ಡ್ರಮ್‌ಗೆ, ಡ್ರಮ್ ಕಾದು ಹಿಗ್ಗಿ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಓವರ್‌ಲೋಡ್ ಇದ್ದರೆ ಇನ್ನೂ ಬೇಗ. ಅಂದಹಾಗೆ 2018ರಲ್ಲಿ ಸರ್ಕಾರವೇ ಆಕ್ಸಲ್ ತೂಕದ ಮಿತಿ ಏರಿಸಿತು, ಮೂರು ಆಕ್ಸಲ್ ಗಾಡಿಗೆ 25 ಇದ್ದದ್ದು 28.5 ಟನ್ ಆಯಿತು. ಹೊಸ ಗಾಡಿಯ ಬ್ರೇಕ್ ಅದಕ್ಕೆ ತಕ್ಕಂತೆ ಬಂತು, ರಸ್ತೆಯಲ್ಲಿದ್ದ ಹಳೆ ಗಾಡಿಗಳೂ ಅಷ್ಟೇ ಹೊತ್ತುಕೊಂಡು ಓಡಿದವು.

ಡೊಂಬಿವಲಿ ಲೋಕಲ್
ಓವರ್‌ಲೋಡ್ ದಂಡ 20,000, ಮೇಲೆ ಪ್ರತಿ ಟನ್‌ಗೆ 2,000. 2019ರ ಕಾಯ್ದೆ. ಕಾಟಾ ಚೀಟಿಯಲ್ಲಿ ಮಾತ್ರ ಎಲ್ಲರದೂ ಸರಿಯಾಗಿಯೇ ಇರುತ್ತೆ, ದೇವರೇ ತೂಗಿದ ಹಾಗೆ.

ನ್ಹಾವಾ ಶೇವಾ ಅಕ್ಕ
ಕಾಟಾ ಚೀಟಿ ಅಂದ್ರಿ, ಅದು ನನ್ನ ಖಾತೆ. ಕಂಟೇನರ್ ತೂಕದಲ್ಲಿ ಸುಳ್ಳು ಹೇಳುವುದು ನಮ್ಮವರ ಚಾಳಿ ಮಾತ್ರ ಅಂದುಕೊಳ್ಳಬೇಡಿ. 2007ರಲ್ಲಿ ಎಂಎಸ್‌ಸಿ ನೆಪೋಲಿ ಅನ್ನುವ ಹಡಗು ಇಂಗ್ಲಿಷ್ ಕಾಲುವೆಯಲ್ಲಿ ಒಡೆದು, ಇಂಗ್ಲೆಂಡ್ ದಡಕ್ಕೆ ತಂದು ಕೂರಿಸಿದರು. ಡೆಕ್ ಮೇಲೆ ಒದ್ದೆಯಾಗದೆ ಉಳಿದಿದ್ದ 660 ಕಂಟೇನರ್ ತೂಗಿದರು. 137ರ ತೂಕ ಹೇಳಿದ್ದಕ್ಕಿಂತ 3 ಟನ್‌ಗೂ ಜಾಸ್ತಿ ವ್ಯತ್ಯಾಸ. ಐದರಲ್ಲಿ ಒಂದು! ಹಡಗಿನಲ್ಲಿ ಯಾವುದು ಕೆಳಗೆ, ಯಾವುದು ಮೇಲೆ ಅಂತ ಲೆಕ್ಕ ಹಾಕುವುದೇ ಆ ತೂಕದ ಮೇಲೆ. ಭಾರದ್ದು ಮೇಲೆ ಹೋಗಿ ಕೂತರೆ ಇಡೀ ಗಂಟು ವಾಲುತ್ತದೆ, ಕೆಳಗಿನ ಪೆಟ್ಟಿಗೆಯ ಮೂಲೆಗಂಬ ಜಜ್ಜುತ್ತದೆ.

ಅದಕ್ಕೇ 2016ರ ಜುಲೈ 1ರಿಂದ ವಿಜಿಎಂ (ದೃಢೀಕರಿಸಿದ ಒಟ್ಟು ತೂಕ) ನಿಯಮ ಬಂತು, ತೂಗಿ ದೃಢೀಕರಿಸದ ಕಂಟೇನರ್ ಹಡಗು ಹತ್ತುವಂತಿಲ್ಲ. ಎರಡು ದಾರಿ ಇದೆ. ತುಂಬಿದ ಮೇಲೆ ಇಡೀ ಪೆಟ್ಟಿಗೆ ತೂಗುವುದು, ಇಲ್ಲವೇ ಒಳಗಿನ ಒಂದೊಂದು ಮಾಲೂ ತೂಗಿ, ಮರ, ಹಗ್ಗ ಎಲ್ಲ ಸೇರಿಸಿ, ಖಾಲಿ ಪೆಟ್ಟಿಗೆ ತೂಕ ಕೂಡಿಸುವುದು. ತೂಕ ಸರಿ ಆಯಿತು, ಒಪ್ಪೋಣ. ಒಳಗೆ ಹೇಗೆ ಜೋಡಿಸಿದ್ದಾರೆ ಅಂತ ಯಾರು ನೋಡಬೇಕು? ಬಾಗಿಲು ಮುಚ್ಚಿ ಸೀಲ್ ಬಿದ್ದ ಮೇಲೆ ಮುಗೀತು. 24 ಟನ್ ಪೂರ್ತಿ ಒಂದೇ ತುದಿಗೆ ಇಟ್ಟರೂ ವಿಜಿಎಂ ಚೀಟಿಯಲ್ಲಿ ಅದು ಸರಿಯೇ. ಬಾಗಿಲು ತೆರೆದ ತಕ್ಷಣ ಕಾಲ ಮೇಲೆ ಮಾಲು ಬೀಳುವುದು ನಮ್ಮ ಯಾರ್ಡಿನ ಹುಡುಗರಿಗೆ.

ಹಳೇ ಬಂದರು
ಡಾಕ್‌ನಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು ನಾನು, ಮಸ್ಜಿದ್ ಬಂದರ್‌ನಲ್ಲೇ ಮನೆ. ನೀವೆಲ್ಲ ಇತ್ತೀಚಿನದ್ದು ಹೇಳುತ್ತಿದ್ದೀರಿ. 1944ರ ಏಪ್ರಿಲ್ 14 ಗೊತ್ತಾ? ವಿಕ್ಟೋರಿಯಾ ಡಾಕ್, ಫೋರ್ಟ್ ಸ್ಟಿಕೀನ್ ಹಡಗು. ಒಳಗೆ ಸುಮಾರು 1,400 ಟನ್ ಸ್ಫೋಟಕ, ಅದೇ ಹಡಗಿಗೆ ಕರಾಚಿಯಲ್ಲಿ ಸಾವಿರಾರು ಹತ್ತಿ ಬೇಲ್ ತುಂಬಿದರು. ಹತ್ತಿಗೆ ಬೆಂಕಿ ಬಿದ್ದರೆ ಆರುವುದಿಲ್ಲ, ಒಳಗೊಳಗೇ ಕುದಿಯುತ್ತಿರುತ್ತದೆ. ಹೊಗೆ ಕಂಡದ್ದು ಮಧ್ಯಾಹ್ನ, ಸಂಜೆ ನಾಲ್ಕರ ಸುಮಾರಿಗೆ ಸಿಡಿಯಿತು, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ಚಿನ್ನದ ಗಟ್ಟಿಗಳೂ ಇದ್ದವು ಹಡಗಿನಲ್ಲಿ, ಹಾರಿ ಎಲ್ಲೆಲ್ಲೋ ಬಿದ್ದವು. 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಈಗಲೂ ಏಪ್ರಿಲ್ 14ರಿಂದ ಅಗ್ನಿಶಾಮಕ ವಾರ ಮಾಡುವುದು ಅದರ ನೆನಪಿಗೇ.

ಡೊಂಬಿವಲಿ ಲೋಕಲ್
ಅಜ್ಜಾ, ಚಿನ್ನದ ಗಟ್ಟಿ ಇನ್ನೂ ಉಳಿದಿದ್ದರೆ ವಿಳಾಸ ಕಳಿಸಿ.

ಹಳೇ ಬಂದರು
ಸಿಕ್ಕಿದ್ದರೆ ನಾನು ಇನ್ನೂ ಮಸ್ಜಿದ್ ಬಂದರ್‌ನಲ್ಲಿ ಇರುತ್ತಿದ್ದೆನಾ?

ವಾಸ್ಕೋ ಸರ್ವೇಯರ್
ಗೋವಾದಿಂದ ನಾನೂ ಸೇರಿಕೊಳ್ಳುತ್ತೇನೆ ಮಾರಾಯ್ರೆ. ಊರು ಅಂಕೋಲಾ. ನೀವು ಹೇಳಿದ ಮಾಲೆಲ್ಲ ಕಟ್ಟಿ ನಿಲ್ಲಿಸಬಹುದಾದದ್ದು. ನಮ್ಮದು ಕಟ್ಟಲಿಕ್ಕೇ ಬರದ ಮಾಲು, ಕಬ್ಬಿಣದ ಅದಿರಿನ ಪುಡಿ.

ಹಡಗಿಗೆ ಸುರಿಯುವಾಗ ನೋಡಿದರೆ ಒಣಗಿದ ಹಾಗೆಯೇ ಇರುತ್ತದೆ, ಕೈಯಲ್ಲಿ ಹಿಡಿದರೆ ಉದುರುತ್ತದೆ. ಒಳಗೆ ತೇವ ಇರುತ್ತದೆ. ಹಡಗು ಹೊರಟ ಮೇಲೆ ಎಂಜಿನ್ ನಡುಕ, ಅಲೆಯ ತೂಗಾಟಕ್ಕೆ ಪುಡಿ ಕುಗ್ಗಿ ಕೂರುತ್ತದೆ. ಕಾಳುಗಳ ನಡುವಿನ ಜಾಗ ಕಡಿಮೆ ಆದಾಗ ಅಲ್ಲಿದ್ದ ನೀರು ಎಲ್ಲಿಗೆ ಹೋಗಬೇಕು? ನೀರಿನ ಒತ್ತಡ ಏರಿ ಕಾಳಿಗೆ ಕಾಳು ತಾಗುವುದೇ ಬಿಟ್ಟುಹೋಗುತ್ತದೆ. ಒಮ್ಮೆಗೇ ಸಾವಿರಾರು ಟನ್ ಅದಿರು ರಾಡಿಯಾಗಿ ಹರಿಯುತ್ತದೆ. ಹಡಗು ಎಡಕ್ಕೆ ವಾಲಿದಾಗ ಎಡಕ್ಕೆ ಹರಿಯುತ್ತದೆ, ಬಲಕ್ಕೆ ವಾಲಿದಾಗ ಪೂರ್ತಿ ವಾಪಸ್ ಬರುವುದಿಲ್ಲ. ಮುಂದಿನ ಅಲೆಗೆ ಇನ್ನಷ್ಟು ಎಡಕ್ಕೆ. ಮಗುಚಲು ಕೆಲವೇ ನಿಮಿಷ ಸಾಕು.

ನಮ್ಮ ಕರಾವಳಿಯಲ್ಲೇ ಆಗಿದೆ. 2009ರ ಜುಲೈನಲ್ಲಿ ನವಮಂಗಳೂರಿನಿಂದ ಅದಿರು ಹೊತ್ತ ಏಷ್ಯನ್ ಫಾರೆಸ್ಟ್ ಮಂಗಳೂರಿನ ಎದುರೇ ಮುಳುಗಿತು. ಸೆಪ್ಟೆಂಬರ್‌ನಲ್ಲಿ ಪಾರಾದೀಪ್ ಹತ್ತಿರ ಬ್ಲ್ಯಾಕ್ ರೋಸ್. ತಿಂಗಳು ನೋಡಿ, ಎರಡೂ ಮಳೆಗಾಲ.

ಹೊಸ ಸದಸ್ಯ
ಅಣ್ಣ, ಮಳೆಗಾಲದಲ್ಲಿ ಅದಿರಿನ ಮೇಲೆ ತಾಡಪತ್ರಿ ಹೊದಿಸಿದರೆ ಆಯ್ತಲ್ವಾ?

ವಾಸ್ಕೋ ಸರ್ವೇಯರ್
ಬೆಟ್ಟದಷ್ಟು ರಾಶಿಗೆ ತಾಡಪತ್ರಿ? ಗಣಿಯಲ್ಲಿ ನೆನೆದದ್ದು, ಜೆಟ್ಟಿಯಲ್ಲಿ ನೆನೆದದ್ದು, ಬಾರ್ಜಿನಲ್ಲಿ ನೆನೆದದ್ದು ಎಲ್ಲ ಸೇರುತ್ತದೆ. ಹೊದಿಸಿದರೂ ಒಳಗಿನ ತೇವ ಒಳಗೇ.

ಅದಕ್ಕೇ ಟಿಎಂಎಲ್ ಅಂತ ಮಿತಿ ಇದೆ, ಎಷ್ಟು ತೇವದವರೆಗೆ ಸಾಗಿಸಬಹುದು ಅಂತ. ಲ್ಯಾಬ್‌ನಲ್ಲಿ ಅದಿರು ಯಾವ ತೇವಕ್ಕೆ ಹರಿಯಲು ಶುರು ಮಾಡುತ್ತದೆ ನೋಡಿ, ಅದರ 90 ಶೇಕಡಾಕ್ಕೆ ಗೆರೆ ಎಳೆಯುತ್ತಾರೆ. ಹೀಗೆ ಹಡಗಿಗೆ ಸುರಿದು ಸಾಗಿಸುವ ಮಾಲಿಗೆ ಐಎಂಎಸ್‌ಬಿಸಿ ಕೋಡ್ ಇದೆ, 2011ರಿಂದ ಕಡ್ಡಾಯ. ತೇವದ ಸ್ಯಾಂಪಲ್ ತೆಗೆದು ಏಳು ದಿನದೊಳಗೆ ಲೋಡ್ ಆಗಬೇಕು, ನಡುವೆ ಜೋರು ಮಳೆ ಬಂದರೆ ಮತ್ತೆ ತೆಗೆಯಬೇಕು. ಆದರೆ ಸ್ಯಾಂಪಲ್ ಯಾವ ಜಾಗದಿಂದ ತೆಗೆದರು ಅನ್ನುವುದು ಬೇರೆ ಕಥೆ. ಒಬ್ಬ ಶಿಪ್ಪರ್ ಕಡೆಯವರು ರಾಶಿಯ ಬಿಸಿಲು ಬೀಳುವ ಬದಿಯಲ್ಲಿ, ಮೇಲಿನ ಒಂದು ಗೇಣು ಕೆರೆದು ಚೀಲ ತುಂಬುತ್ತಿದ್ದರು. ಅಗೆದು ತೆಗೆಯಿರಿ ಅಂದರೆ "ಸಾಹೇಬ್ರೆ, ಹಡಗು ಕಾಯುತ್ತಿದೆ, ದಿನದ ಡೆಮರೇಜ್ (ಹಡಗು ಕಾಯಿಸಿದ ದಂಡ) ಯಾರು ಕೊಡುತ್ತಾರೆ?"

ಕೋಥ್ರೂಡ್ ಎಂಜಿನಿಯರ್
ಸರ್ವೇಯರ್ ಸಾಹೇಬ್ರೆ, ಟಿಎಂಎಲ್ ಎಲ್ಲದಕ್ಕೂ 90 ಶೇಕಡಾ ಲೆಕ್ಕ ಅಲ್ಲ ಅಲ್ವಾ? ಪ್ರಾಕ್ಟರ್ ಪದ್ಧತಿ ಬೇರೆ ಇದೆ ಅಂತ ಓದಿದ್ದೆ. ಮಣ್ಣು ಅಡಕ ಮಾಡುವ ಪ್ರಾಕ್ಟರ್ ಪರೀಕ್ಷೆ ನಾವು ಸಿವಿಲ್‌ನಲ್ಲಿ ಮಾಡುತ್ತಿದ್ದೆವು, ಅದೇನಾ?

ವಾಸ್ಕೋ ಸರ್ವೇಯರ್
ಸರಿ ಹೇಳಿದ್ರಿ. 90 ಶೇಕಡಾ ಅನ್ನುವುದು ಫ್ಲೋ ಟೇಬಲ್, ಪೆನೆಟ್ರೇಶನ್ ಅನ್ನುವ ಎರಡು ಲ್ಯಾಬ್ ಪರೀಕ್ಷೆಗೆ. ಮೂರನೆಯದ್ದು ಪ್ರಾಕ್ಟರ್ ಫಾಗರ್‌ಬರ್ಗ್. ಹೌದು, ಅಣೆಕಟ್ಟಿನ ಮಣ್ಣಿಗೆ 1933ರಲ್ಲಿ ಪ್ರಾಕ್ಟರ್ ಬರೆದದ್ದೇ ಮೂಲ. ಸ್ವೀಡನ್‌ನ ಫಾಗರ್‌ಬರ್ಗ್ ಅದನ್ನು ಅದಿರಿಗೆ ಒಗ್ಗಿಸಿದರು. ಹಳೆ ಪದ್ಧತಿಯಲ್ಲಿ 350 ಗ್ರಾಂ ಸುತ್ತಿಗೆ 20 ಸೆಂಟಿಮೀಟರ್‌ನಿಂದ ಬೀಳಿಸಿ, ಕಾಳುಗಳ ನಡುವಿನ ಜಾಗ 70 ಶೇಕಡಾ ನೀರಿನಿಂದ ತುಂಬುವ ಹಂತಕ್ಕೆ ಮಿತಿ ಹಾಕುತ್ತಿದ್ದರು. ಬ್ರೆಜಿಲ್, ಆಸ್ಟ್ರೇಲಿಯಾದ ಗಣಿಯವರು ಸಂಶೋಧನೆ ಮಾಡಿಸಿದರು, ಹಡಗಿನ ಒಳಗೆ ಅದಿರು ಅಷ್ಟು ಅಡಕ ಆಗುವುದಿಲ್ಲ ಅಂತ ಕಂಡಿತು. ಅದಕ್ಕೇ ಕಬ್ಬಿಣದ ಅದಿರಿನ ಪುಡಿಗೆ ಈಗ 150 ಗ್ರಾಂ ಸುತ್ತಿಗೆ, 15 ಸೆಂಟಿಮೀಟರ್, 80 ಶೇಕಡಾ. 2017ರಿಂದ ಅದು ಕಡ್ಡಾಯ ಪಟ್ಟಿಯಲ್ಲಿದೆ.

ಗಣಿಯವರೇ ದುಡ್ಡು ಹಾಕಿ ಮಾಡಿಸಿದ ಸಂಶೋಧನೆ, ಮಿತಿ ಸಡಿಲ ಆಯಿತು ಅಂತ ಗೊಣಗುವವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಡಗಿನ ಒಳಗೇ ಅಳತೆ ಮಾಡಿ ನೋಡಿದ್ದಾರೆ, ಮಾದರಿ ಮಾಡಿ ತೂಗಾಡಿಸಿ ನೋಡಿದ್ದಾರೆ. ನನ್ನ ಜಗಳ ಇರುವುದು ಸ್ಯಾಂಪಲ್ ಚೀಲದ ಜೊತೆ, ಸುತ್ತಿಗೆ ಜೊತೆ ಅಲ್ಲ.

ಮಡಗಾಂವ್ ಮಾವ
ಕ್ಯಾಪ್ಟನ್‌ಗಳು ಡಬ್ಬಿ ಕುಟ್ಟಿ ನೋಡುತ್ತಾರಲ್ಲ, ಅದು ಸಾಕಾಗುವುದಿಲ್ಲವಾ? ನಮ್ಮ ಬಾರ್ಜಿನವರೂ ಮಾಡುತ್ತಿದ್ದರು.

ವಾಸ್ಕೋ ಸರ್ವೇಯರ್
ಮಾವ, ಅಲ್ಲೇ ಮೋಸ ಹೋಗುವುದು. ಅರ್ಧದಿಂದ ಒಂದು ಲೀಟರ್ ಡಬ್ಬಿಯಲ್ಲಿ ಅರ್ಧ ಅದಿರು ತುಂಬಿ, 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟುವುದು. ಮೇಲೆ ನೀರು ಕಂಡರೆ ಲೋಡ್ ನಿಲ್ಲಿಸಿ ಲ್ಯಾಬ್‌ಗೆ ಕಳಿಸಬೇಕು. ಆದರೆ ನೀರು ಕಾಣಲಿಲ್ಲ ಅಂದರೆ ಮಾಲು ಸುರಕ್ಷಿತ ಅಂತ ಅರ್ಥ ಅಲ್ಲ, ಕೋಡ್‌ನಲ್ಲೇ ಹಾಗೆ ಬರೆದಿದೆ. ಬೇಡ ಅನ್ನಲಿಕ್ಕೆ ಮಾತ್ರ ಆ ಡಬ್ಬಿ, ಹೂಂ ಅನ್ನಲಿಕ್ಕೆ ಅಲ್ಲ.

ಮಿರಾಮಾರ್ ಬೀಚಿಗೆ ಹೋದಾಗ ನೀರಂಚಿನ ಒದ್ದೆ ಮರಳಿನ ಮೇಲೆ ಒಂದೇ ಜಾಗದಲ್ಲಿ ಕಾಲು ಪಟಪಟ ಬಡಿದು ನೋಡಿ. ಗಟ್ಟಿ ಇದ್ದದ್ದು ಅಲುಗಾಡಿ ಮೆತ್ತಗಾಗಿ ನೀರು ಮೇಲೆ ಬರುತ್ತದೆ. ಹಡಗಿನ ಹೊಟ್ಟೆಯಲ್ಲಿ ಆಗುವುದು ಅದೇ.

ಭೋಸರಿ ಬಸವ
ಅಯ್ಯೋ, ನನ್ನ ಪ್ಯಾಲೆಟ್ ಸಮುದ್ರಕ್ಕೆ ಹೋಯಿತು. ಆದರೂ ಹೇಳಿ ಸಾರ್, ಎಲ್ಲ ಅದಿರಿಗೂ ಹೀಗೇನಾ? ಬಾಕ್ಸೈಟ್‌ಗೆ ಬೇರೆ ಅಂತ ಎಲ್ಲೋ ಕೇಳಿದ್ದೆ.

ವಾಸ್ಕೋ ಸರ್ವೇಯರ್
ಬೇರೆಯೇ. 2015ರ ಜನವರಿ 2ರಂದು ಬಲ್ಕ್ ಜುಪಿಟರ್ ಮಲೇಷ್ಯಾದ ಕುವಾಂತನ್‌ನಿಂದ ಬಾಕ್ಸೈಟ್ ಹೊತ್ತು ಹೋಗುವಾಗ ಮುಳುಗಿತು. 19 ಜನರಲ್ಲಿ ಉಳಿದವನು ಅಡುಗೆಯವನು ಒಬ್ಬನೇ. ಬಾಕ್ಸೈಟ್ ಅಪಾಯ ಇಲ್ಲದ ಸಿ ಗುಂಪಿನ ಮಾಲು ಅಂತ ಹೋಗಿತ್ತು. ಆಮೇಲೆ ಸಂಶೋಧನೆ ಮಾಡಿದವರು ಹೇಳಿದ್ದು, ಅಲ್ಲಿ ಇಡೀ ರಾಶಿ ಹರಿಯುವುದಿಲ್ಲ. ನೀರೂ ನುಣ್ಣನೆ ಪುಡಿಯೂ ಬೇರ್ಪಟ್ಟು ಮೇಲಕ್ಕೆ ಬಂದು ಕೆಸರಿನ ಕೆರೆ ಆಗುತ್ತದೆ, ಅದು ಅತ್ತಿತ್ತ ತುಳುಕುತ್ತದೆ. ಹಡಗು ಯಾವತ್ತಿನ ಹಾಗೆ ತೂಗುವುದಿಲ್ಲ, ಓಲಾಡುತ್ತದೆ. ಕ್ಯಾಪ್ಟನ್‌ಗೆ ಗೊತ್ತಾಗುವ ಮೊದಲ ಸೂಚನೆ ಆ ಓಲಾಟವೇ. ಇಂಡೋನೇಷ್ಯಾದ ನಿಕಲ್ ಅದಿರು ಇನ್ನೂ ಕೆಟ್ಟದ್ದು. 2017ರ ಅಕ್ಟೋಬರ್‌ನಲ್ಲಿ ಮುಳುಗಿದ ಎಮರಾಲ್ಡ್ ಸ್ಟಾರ್‌ನಲ್ಲಿ ಇದ್ದ 26 ಜನರೂ ಭಾರತದವರು. ಹತ್ತು ಜನ ಸಿಗಲೇ ಇಲ್ಲ.

ಮಡಗಾಂವ್ ಮಾವ
ಗೋವಾದಲ್ಲಿ 2012ರಲ್ಲಿ ಗಣಿ ನಿಂತಾಗ ಬಾರ್ಜ್ ಓಡಿಸುತ್ತಿದ್ದವರ ಮನೆ ಮುಳುಗಿತು, ಅದನ್ನು ಯಾರೂ ಬರೆಯುವುದಿಲ್ಲ. ಆಮೇಲೆ ಶುರು ಆಯಿತು, 2018ರಲ್ಲಿ ಮತ್ತೆ 88 ಲೀಸ್ ರದ್ದು. ಈಗ ಅದಿರಿಗಿಂತ ಮೊರ್ಮುಗಾಂವ್‌ನಿಂದ ನಿಮ್ಮ ಬಳ್ಳಾರಿ ಕಡೆ ಹೋಗುವ ಕಲ್ಲಿದ್ದಲ ಧೂಳು ಜಾಸ್ತಿ ನಮಗೆ.

ಡೊಂಬಿವಲಿ ಲೋಕಲ್
ಮಾವ, ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಇದರಲ್ಲಿ ಆಗಲೇ 1944ರಿಂದ ಮಲೇಷ್ಯಾ ತನಕ ಹೋಗಿ ಬಂದೆವು.

ಪಿಂಪ್ರಿ ಪಾಟೀಲ
ನನಗೊಂದು ಸಂಶಯ. ಹಡಗಿನಲ್ಲಿ ತುಳುಕುತ್ತೆ ಸರಿ. ಹಾಲಿನ ಟ್ಯಾಂಕರ್ ಕೂಡ ತುಳುಕುತ್ತಲ್ಲ? ಕೊಲ್ಹಾಪುರದಿಂದ ಮುಂಬಯಿಗೆ ದಿನಾ ಹೋಗುತ್ತವೆ. ನನ್ನ ಭಾವನ ಮಗ ಅದರಲ್ಲಿದ್ದಾನೆ, ಅದಕ್ಕೇ ಕೇಳಿದೆ.

ಕೋಥ್ರೂಡ್ ಎಂಜಿನಿಯರ್
ತುಳುಕುತ್ತೆ, ಅದೂ ಅರ್ಧ ತುಂಬಿದಾಗ ಜಾಸ್ತಿ. ಪೂರ್ತಿ ತುಂಬಿದ್ದರೆ ಅಲುಗಾಡಲು ಜಾಗ ಇಲ್ಲ, ತಳದಲ್ಲಿ ಸ್ವಲ್ಪ ಇದ್ದರೆ ಅದಕ್ಕೆ ಬಲ ಇಲ್ಲ. ಯುರೋಪಿನಲ್ಲಿ ಅಪಾಯಕಾರಿ ದ್ರವದ ಟ್ಯಾಂಕರ್‌ಗೆ ನಿಯಮ ಇದೆ. 7,500 ಲೀಟರ್‌ಗಿಂತ ದೊಡ್ಡ ಕೋಣೆಯನ್ನು ತಡೆಗೋಡೆ ಇಲ್ಲದೆ ಬಿಟ್ಟಿದ್ದರೆ 80 ಶೇಕಡಾಗಿಂತ ಜಾಸ್ತಿ ತುಂಬಿರಬೇಕು, ಇಲ್ಲ 20ಕ್ಕಿಂತ ಕಡಿಮೆ ಇರಬೇಕು. ಹಾಲಿನದ್ದಕ್ಕೆ ಹೆಚ್ಚಾಗಿ ಒಳಗೆ ತಡೆಗೋಡೆ ಇಡುವುದಿಲ್ಲ, ತೊಳೆಯುವುದು ಕಷ್ಟ, ಮೂಲೆಯಲ್ಲಿ ಹಾಲು ಉಳಿದರೆ ಕೆಡುತ್ತದೆ. ಬ್ರೇಕ್ ಹಾಕಿ ನಿಂತ ಮೇಲೂ ಹಾಲು ಹಿಂದಿನಿಂದ ಬಂದು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ, ನಿಮ್ಮ ಭಾವನ ಮಗನಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ತಡೆಗೋಡೆ ಇದ್ದರೂ ಅದು ಹಿಂದೆ ಮುಂದೆ ತುಳುಕುವುದನ್ನು ತಡೆಯುತ್ತದೆ, ಅಡ್ಡ ತುಳುಕುವುದನ್ನು ಅಲ್ಲ. ಪಲ್ಟಿ ಮಾಡುವುದು ಅಡ್ಡದ್ದು.

ಪಲ್ಟಿ ಲೆಕ್ಕ ಕೇಳಿ. ಲೋಡ್ ಆದ ಲಾರಿ ತನ್ನ ತೂಕದ ಸುಮಾರು 0.35 ಪಾಲು ಅಡ್ಡ ಬಲಕ್ಕೆ ಮಗುಚುತ್ತೆ ಅಂತ ಇಟ್ಟುಕೊಳ್ಳಿ. ಕಾರಿಗೆ ಇದು 1ರ ಹತ್ತಿರ ಅಥವಾ ಮೇಲೆ. 60 ಮೀಟರ್ ತ್ರಿಜ್ಯದ ತಿರುವಿನಲ್ಲಿ ಆ ಲಾರಿಗೆ ಮಿತಿ ಗಂಟೆಗೆ 52 ಕಿಲೋಮೀಟರ್. ಈಗ ಮಾಲು ಎತ್ತರಕ್ಕೆ ಒಟ್ಟಿ ಗುರುತ್ವ ಕೇಂದ್ರ 2 ಮೀಟರ್ ಇದ್ದದ್ದು 2.4 ಆಯಿತು ಅನ್ನಿ. ಮಿತಿ 47ಕ್ಕೆ ಇಳಿಯಿತು. ಡ್ರೈವರ್‌ಗೆ ಸೀಟಿನಲ್ಲಿ ಕೂತು ಈ ಐದು ಕಿಲೋಮೀಟರ್ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ನಿನ್ನೆ ಅದೇ ತಿರುವಿನಲ್ಲಿ 50ರಲ್ಲಿ ಹೋಗಿದ್ದ, ಏನೂ ಆಗಿರಲಿಲ್ಲ. ಇವತ್ತು ಲೋಡ್ ಬೇರೆ.

ಪಿಂಪ್ರಿ ಪಾಟೀಲ
ಸರಿ ಬಿಡಿ. ಈ ಡ್ರೈವರ್ ವಿಷಯದಲ್ಲಿ ಸಂಬಳ ಹಿಡಿಯಬಾರದು ಅಂತ ನಾನೂ ಒಪ್ಪಿದೆ. ಮೊಬೈಲ್ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.

ನ್ಹಾವಾ ಶೇವಾ ಅಕ್ಕ
ಬಸವ, ಕಾನೂನಿನ ಮಾತೂ ತಿಳ್ಕೋ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಪ್ರಕಾರ ಮಾಲು ಹಾಳಾದರೆ ಹೊಣೆ ಬುಕಿಂಗ್ ಪಡೆದ ಸಾಗಣೆ ಕಂಪನಿಯದ್ದು, ದಾವೆ ಹಾಕುವ ಮೊದಲು ಬುಕಿಂಗ್ ಆದ 180 ದಿನದೊಳಗೆ ನೋಟಿಸ್ ಕೊಡಬೇಕು. ಡ್ರೈವರ್ ಸಂಬಳ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಮತ್ತೆ ಕಟ್ಟಿದ್ದೇ ನಿಮ್ಮ ಗೇಟಿನೊಳಗೆ ಅಂದಮೇಲೆ ನಿಮ್ಮವರೂ ಜೋರಾಗಿ ಮಾತಾಡುವ ಹಾಗಿಲ್ಲ. ಗೇಟಿನ ಕ್ಯಾಮೆರಾದಲ್ಲಿ ಲೋಡಿಂಗ್ ಇದ್ದರೆ ಉಳಿಸಿಕೋ, ಅಳಿಸಿಹೋಗುವ ಮೊದಲು.

ಭೋಸರಿ ಬಸವ
ಎಲ್ಲರಿಗೂ ಧನ್ಯವಾದ. ಎಂಜಿನಿಯರ್ ಸಾರ್ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರ್ ಮುಂದಿಟ್ಟೆ. ಮೊದಲು "ಇದನ್ನೆಲ್ಲ ಎಲ್ಲಿ ಓದಿದೆ" ಅಂದರು. ಮೂವತ್ತು ಬೆಲ್ಟ್ ರೇಟ್, ಮ್ಯಾಟ್ ರೇಟ್ ಪಕ್ಕಪಕ್ಕ ಬರೆದಿದ್ದೆ, ಅಲ್ಲಿ ಕಣ್ಣು ನಿಂತಿತು. ಮುಂದಿನ ಬೆಂಗಳೂರು ಗಾಡಿಗೆ ಮ್ಯಾಟ್, ಏಳು ಬೆಲ್ಟ್, ಮುಂದೆ ಮರದ ಚೌಕಟ್ಟು ಅಂತ ಒಪ್ಪಿದ್ದಾರೆ. ಡ್ರೈವರ್ ಸಂಬಳದ್ದು ಇನ್ನೂ ತೀರ್ಮಾನ ಆಗಿಲ್ಲ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಸೋಮವಾರ ಮಾತುಕತೆ, ಹಾಳೆ ಅಲ್ಲಿಗೂ ತಗೊಂಡು ಹೋಗುತ್ತೇನೆ.

ಮ್ಯಾಟ್ ಎಲ್ಲಿ ಸಿಗುತ್ತೆ ಹೇಳಿ, ಪುಣೆಯಲ್ಲಿ ಕೇಳಿದ ಕಡೆ ಜಿಮ್ ಮ್ಯಾಟ್ ತೋರಿಸುತ್ತಿದ್ದಾರೆ.

ಹಳೇ ಬಂದರು
ಮುಂಬಯಿಗೆ ಬಂದರೆ ನಾಗದೇವಿ ಸ್ಟ್ರೀಟ್‌ಗೆ ಹೋಗು. ಬೆಲ್ಟ್, ರಬ್ಬರ್, ಚೈನ್ ಎಲ್ಲ ಸಾಲು ಅಂಗಡಿ. ಬೆಳಿಗ್ಗೆಯೇ ಹೋಗು, ಮಧ್ಯಾಹ್ನ ಆದರೆ ಕೈಗಾಡಿಗಳ ನಡುವೆ ಕಾಲಿಡಲು ಜಾಗ ಇರುವುದಿಲ್ಲ.

ಘಾಟಿನ ಗೆಳೆಯ
ಅಷ್ಟು ದುಡ್ಡು ಯಾಕೆ? ಗುಜರಿಯಲ್ಲಿ ಹಳೆ ಕನ್ವೇಯರ್ ಬೆಲ್ಟ್ ಕಿಲೋ ಲೆಕ್ಕದಲ್ಲಿ ಸಿಗುತ್ತೆ, ತುಂಡು ಮಾಡಿ ಹಾಕಿ. ನಾನು ಅದನ್ನೇ ಹಾಕುವುದು.

ಕೋಥ್ರೂಡ್ ಎಂಜಿನಿಯರ್
ಹಳೆ ಬೆಲ್ಟ್ ಮೇಲ್ಮೈ ನುಣುಪಾಗಿರುತ್ತೆ, ಕೆಲವದಕ್ಕೆ ಎಣ್ಣೆ ಕುಡಿದಿರುತ್ತೆ. 0.6 ಅನ್ನುವ ಅಂಕಿ ಪರೀಕ್ಷೆ ಮಾಡಿದ ಮ್ಯಾಟ್‌ಗೆ ಮಾತ್ರ. ಬಸವ, ಗುಜರಿಯದ್ದು ಹಾಕುವುದಾದರೆ ಏಳು ಬೆಲ್ಟಿನ ಲೆಕ್ಕ ಹರಿದುಹಾಕಿ. ಮತ್ತೆ ಮ್ಯಾಟ್ ಹಾಸುವ ಮೊದಲು ಲಾರಿ ಹಾಸು ಗುಡಿಸಿ, ಮರಳು ಇದ್ದರೆ ಯಾವ ಮ್ಯಾಟೂ ಹಿಡಿಯುವುದಿಲ್ಲ.

ಘಾಟಿನ ಗೆಳೆಯ
ಗುಡಿಸೋಕೆ ಯಾರು, ಡ್ರೈವರಾ?

ಭೋಸರಿ ಬಸವ
ಇಲ್ಲಣ್ಣ, ನಮ್ಮ ಕಡೆಯವರೇ ಗುಡಿಸುತ್ತಾರೆ. ಅದನ್ನೂ ಹಾಳೆಯಲ್ಲಿ ಸೇರಿಸುತ್ತೇನೆ.